ನೂರಕ್ಕೆ ತೊಂಬತ್ತೇಳು

ಬೆಂಗಳೂರಿನ ಯಾವ ಶಾಲೆಯ ಮಗುವನ್ನು ಬೇಕಾದರೂ ನಿಲ್ಲಿಸಿ, ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಅಂತ ಕೇಳಿ ನೋಡಿ. ಪ್ರಶ್ನೆ ಮುಗಿಯುವ ಮೊದಲೇ ನೂರು ಅನ್ನುತ್ತದೆ. ಮೇಷ್ಟರು ಸರಿ ಗುರುತು ಹಾಕುತ್ತಾರೆ, ಅಪ್ಪ ಅಮ್ಮ ಬೆನ್ನು ತಟ್ಟುತ್ತಾರೆ. ಆದರೆ ಆ ಮಗುವಿನ ಮನೆಯಲ್ಲಿ ಬಾಯಿ ತೆರೆದ ಪಾತ್ರೆಯಲ್ಲಿ ಕುದಿದ ಬರೀ ನೀರು ಇವತ್ತಿನವರೆಗೆ ನೂರರ ಮುಖ ನೋಡಿಲ್ಲ. 97ಕ್ಕೇ ಕೊತಕೊತ ಅಂತ ಕುದಿದು, ಆವಿಯಾಗಿ ಕಿಟಕಿ ದಾಟಿ ಹೋಗಿಬಿಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಮೇಲಿದೆ ಎಂಬುದು ಪಠ್ಯಪುಸ್ತಕಕ್ಕೆ ಗೊತ್ತಿಲ್ಲ, ಪಾತ್ರೆಗೆ ಗೊತ್ತಿದೆ.

ಈ ವಿಷಯ ಮಂಗಳೂರಿನ ನಮ್ಮ ಬೀಗರ ಕಿವಿಗೆ ಬಿದ್ದ ದಿನದಿಂದ ನಮ್ಮ ಮನೆತನದ ಮಾನ ಮೂರು ಡಿಗ್ರಿ ಇಳಿದಿದೆ.

“ನೋಡಿ ಮಾರಾಯ್ರೆ, ನಮ್ಮ ಪಣಂಬೂರಿನ ನೀರಿಗೆ ಔಟ್ ಆಫ್ ಔಟ್ ಉಂಟು. ನಿಮ್ಮದು 97. ಪಾಸೇನೋ ಹೌದು, ರ‍್ಯಾಂಕ್ ಇಲ್ಲ!”

ಬೀಗರು ಬೀಗಿದರೆ ತಡೆಯುವವರು ಯಾರು? ಹೆಣ್ಣು ಕೊಟ್ಟ ಕಡೆಯವರು ನಾವು, ನಕ್ಕು ಕಾಫಿ ಕೊಟ್ಟೆವು. ಅದನ್ನು ಒಂದು ಗುಟುಕು ಕುಡಿದವರೇ, “97ರ ಕಾಫಿ ಅಲ್ವಾ, ಹಾಗೆ ಸ್ವಲ್ಪ ತಣ್ಣಗುಂಟು” ಅಂದರು. ಡಿಕಾಕ್ಷನ್ನಿಗೆ ತಣ್ಣನೆಯ ಹಾಲು ಬೆರೆಸಿದವನು ನಾನೇ ಅಂತ ನಾನು ಬಾಯಿ ಬಿಡಲಿಲ್ಲ. ಆದರೆ ಅಂದಿನಿಂದ ಈ ಅಂಕಪಟ್ಟಿಯ ಬೆನ್ನು ಹತ್ತಿದ್ದೇನೆ.

ಮೊದಲು ಅಂಕ ಕಡಿಮೆಯಾಗುವುದು ಯಾಕೆ ಅನ್ನುವುದನ್ನು ನೋಡಿಬಿಡೋಣ. ನೀರಿನ ಸೋಮಾರಿತನವಲ್ಲ ಅದು. ಕಡಲ ದಂಡೆಯಲ್ಲಿ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಹೆಚ್ಚುಕಡಿಮೆ ಒಂದು ಕಿಲೋ ತೂಕದಷ್ಟು ಒತ್ತುತ್ತಿರುತ್ತದೆ, ಬೀಗರ ಬೋಳುತಲೆಯ ಮೇಲೆ ಹೇಗೋ ಪಾತ್ರೆಯ ನೀರಿನ ಮೇಲೂ ಹಾಗೆಯೇ. ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆ ಅಪ್ಪಚ್ಚಿಯಾಗದೆ ಮೇಲೆ ಬರಬೇಕಾದರೆ ಅದರೊಳಗಿನ ಒತ್ತಡ ಹೊರಗಿನ ಒತ್ತಡಕ್ಕೆ ಸಮನಾಗಬೇಕು. ಸಮನಾದ ಗಳಿಗೆಯೇ ಕುದಿ. ಅದಕ್ಕೆ ಮೊದಲು ಪಾತ್ರೆ ಸುಂಯ್ ಅಂತ ರಾಗ ಎಳೆಯುತ್ತದಲ್ಲ, ಅದು ಅರ್ಧ ದಾರಿಯಲ್ಲೇ ಕುಸಿದುಹೋದ ಗುಳ್ಳೆಗಳ ಗೋಳು. ಎತ್ತರಕ್ಕೆ ಹೋದಷ್ಟೂ ಮೇಲಿನ ಗಾಳಿ ಕಡಿಮೆ, ಒತ್ತಡ ಕಡಿಮೆ, ಗುಳ್ಳೆಯ ಕೆಲಸ ಸಲೀಸು. ಸುಮಾರು 300 ಮೀಟರ್ ಏರಿದರೆ ಒಂದು ಡಿಗ್ರಿ ಕಡಿತ. ಈ ಲೆಕ್ಕದಲ್ಲಿ ಮಡಿಕೇರಿಗೆ 96, ಮುಳ್ಳಯ್ಯನಗಿರಿಯ ನೆತ್ತಿಗೆ 93-94, ಲೇಹ್‌ಗೆ 88. ಎವರೆಸ್ಟ್ ತುದಿಯಲ್ಲಿ 71ರ ಆಸುಪಾಸು, ಅಂದರೆ ಫಸ್ಟ್ ಕ್ಲಾಸಿಗೆ ಮೋಸವಿಲ್ಲ.

ಹಾಗಾದರೆ ಮಂಗಳೂರಿಗೆ ನೂರು ಖಾಯಮ್ಮೇ? ಅಲ್ಲೇ ಇರುವುದು ಮಜಾ. ಆಟಿ ತಿಂಗಳ ಮಳೆಯಲ್ಲಿ ಕರಾವಳಿಯ ವಾಯುಭಾರ ಇಳಿದಾಗ ಅಲ್ಲಿನ ನೀರೂ ಕಾಲು ಡಿಗ್ರಿ ಕೆಳಗೇ ಕುದಿಯುತ್ತದೆ. ಚಂಡಮಾರುತವೇ ಬಂದರೆ ಒಂದು ಡಿಗ್ರಿಗೂ ಮಿಕ್ಕಿ ಹೋದೀತು. ಇದು ಹವಾಮಾನದ ಮಾತಾಯಿತು. ಮರುಮೌಲ್ಯಮಾಪನದ ಕಥೆ ಬೇರೆ. 1990ರ ಅಂತರರಾಷ್ಟ್ರೀಯ ತಾಪಮಾನದ ಅಳತೆ ಬಂದ ಮೇಲೆ, ಹಳೆಯ ಮಾನಕ ಒತ್ತಡದಲ್ಲೇ ಕುದಿಸಿದರೂ ನೀರಿನ ಕುದಿಬಿಂದು 99.97 ಅಂತ ತೀರ್ಮಾನವಾಗಿದೆ. ರಸಾಯನವಿಜ್ಞಾನಿಗಳು 1982ರಲ್ಲೇ ಮಾನಕ ಒತ್ತಡವನ್ನು ಸರಿಯಾಗಿ ಒಂದು ಬಾರ್‌ಗೆ ಇಳಿಸಿದ್ದರು. ಆ ಲೆಕ್ಕ ಹಿಡಿದರೆ 99.61. ಔಟ್ ಆಫ್ ಔಟ್ ಎಲ್ಲಿ ಹೋಯಿತು ಬೀಗರೇ?

ಇನ್ನೂ ಒಂದು ಬಾಣ ನನ್ನ ಬತ್ತಳಿಕೆಯಲ್ಲಿತ್ತು. 1742ರಲ್ಲಿ ಸ್ವೀಡನ್ನಿನ ಉಪ್ಸಾಲದ ಖಗೋಳಶಾಸ್ತ್ರಜ್ಞ ಆಂಡರ್ಸ್ ಸೆಲ್ಸಿಯಸ್ ತನ್ನ ಅಳತೆಯನ್ನು ಲೋಕದ ಮುಂದಿಟ್ಟಾಗ, ನೀರು ಕುದಿಯುವ ಜಾಗಕ್ಕೆ ಅವನು ಕೊಟ್ಟದ್ದು ಸೊನ್ನೆ. ಹೆಪ್ಪುಗಟ್ಟುವ ಜಾಗಕ್ಕೆ ನೂರು. ಅದನ್ನು ತಲೆಕೆಳಗು ಮಾಡಿ ಇವತ್ತಿನ ರೂಪಕ್ಕೆ ತಂದವರು ಬೇರೆಯವರು. ಸೆಲ್ಸಿಯಸ್ ಮಹಾಶಯನ ಮೂಲ ಅಂಕಪಟ್ಟಿ ಉಳಿದಿದ್ದರೆ ಲೇಹ್‌ಗೆ 12, ಬೆಂಗಳೂರಿಗೆ 3, ಮಂಗಳೂರಿಗೆ ದುಂಡು ಸೊನ್ನೆ! ವಾಯುಭಾರ ನೋಡದೆ ಕುದಿಬಿಂದು ಗುರುತಿಸಬಾರದು ಅಂತ ಆ ಪುಣ್ಯಾತ್ಮ ಅವತ್ತೇ ಬರೆದಿಟ್ಟಿದ್ದ. ನಾವು ಅವನ ಹೆಸರು ಇಟ್ಟುಕೊಂಡೆವು, ಷರತ್ತನ್ನು ಕೈಬಿಟ್ಟೆವು.

ಕಾಫಿಯ ಅವಮಾನಕ್ಕೂ ಉತ್ತರ ಸಿಕ್ಕಿತು. ಕಾಫಿ ಪುಡಿಗೆ ಹೊಯ್ಯುವ ನೀರು 90ರಿಂದ 96 ಡಿಗ್ರಿಯೊಳಗೆ ಇರಲಿ ಅನ್ನುತ್ತಾರೆ ಬಲ್ಲವರು. ಅದಕ್ಕೂ ಬಿಸಿಯಾದರೆ ಕಹಿ ಹೆಚ್ಚು ಇಳಿಯುತ್ತದೆ. ಚಿಕ್ಕಮಗಳೂರು ಪೇಟೆ ಇರುವ ಎತ್ತರದಲ್ಲಿ ನೀರು ಕುದಿಯುವುದೇ 96ರ ಸುಮಾರಿಗೆ. ಗಿಡ ಬೆಳೆಯುವ ಊರಲ್ಲೇ ನೀರೂ ಹದವರಿತು ಕುದಿಯುತ್ತದೆ! ಮಂಗಳೂರಿನವರು ಒಲೆಯಿಂದ ಇಳಿಸಿ ಒಂದು ನಿಮಿಷ ಕಾಯಬೇಕು. ಬೀಗರಿಗೆ ಇದನ್ನು ಹೇಳಿದೆ. “ನಾವು ಕುಚ್ಚಲಕ್ಕಿ ಬೇಯಿಸುವ ಜನ, ಕಾಯ್ಲಿಕ್ಕೆ ನಮಗೆ ಹೇಳಿಕೊಡ್ಬೇಕಾ?” ಅಂದರು.

ಬೇಯಿಸುವ ಮಾತು ಬಂತಲ್ಲ, ಅಲ್ಲಿ ಮಾತ್ರ ಅಂಕದ ಕೊರತೆ ನಿಜಕ್ಕೂ ಹೊಟ್ಟೆಗೆ ಹೊಡೆಯುತ್ತದೆ. ಅಕ್ಕಿಗೂ ಬೇಳೆಗೂ ನೀರು ಎಷ್ಟು ಜೋರಾಗಿ ಕುಣಿಯುತ್ತಿದೆ ಎಂಬುದರ ಪರಿವೆ ಇಲ್ಲ, ಎಷ್ಟು ಬಿಸಿ ಇದೆ ಎಂಬುದಷ್ಟೇ ಮುಖ್ಯ. 1835ರ ಮಾರ್ಚಿನಲ್ಲಿ ಚಾರ್ಲ್ಸ್ ಡಾರ್ವಿನ್ ಚಿಲಿಯಿಂದ ಆಂಡಿಸ್ ಪರ್ವತ ದಾಟುತ್ತಿದ್ದ. ರಾತ್ರಿ ತಂಗಿದ ಕಡೆ ಆಲೂಗಡ್ಡೆ ಬೇಯಲು ಇಟ್ಟರು. ಗಂಟೆಗಟ್ಟಲೆ ಕುದಿದರೂ ಕಲ್ಲು. ಪಾತ್ರೆಯನ್ನು ರಾತ್ರಿಯಿಡೀ ಬೆಂಕಿಯ ಮೇಲೆ ಬಿಟ್ಟು, ಬೆಳಿಗ್ಗೆ ಮತ್ತೆ ಕುದಿಸಿದರೂ ಕಲ್ಲೇ. ಡಾರ್ವಿನ್ನನಿಗೆ ಕಾರಣ ಗೊತ್ತಿತ್ತು. ಜೊತೆಗಿದ್ದ ಇಬ್ಬರು ಆಳುಗಳಿಗೆ ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು: ಪಾತ್ರೆ ಹೊಸದು, ಶನಿ ಹಿಡಿದದ್ದು, ಅದಕ್ಕೆ ಆಲೂಗಡ್ಡೆ ಬೇಯಿಸುವ ಮನಸ್ಸಿಲ್ಲ. ಬೇಳೆ ಬೇಯದಿದ್ದರೆ ಅಂಗಡಿಯವನನ್ನು, ಒಲೆಯನ್ನು, ಕೊನೆಗೆ ಸೊಸೆಯನ್ನು ಬಯ್ಯುವ ನಾವು ಅವರನ್ನು ನೋಡಿ ನಗುವ ಹಾಗಿಲ್ಲ. ಹಾಗಂತ ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಬೇಳೆ ಮೊಂಡಾಟ ಮಾಡಿದರೆ ಅದನ್ನು ಆ ಮೂರು ಡಿಗ್ರಿಯ ತಲೆಗೆ ಕಟ್ಟಬೇಡಿ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ನನ್ನು ಬಿಗಿಮಾಡುತ್ತದೆ, ಅದರ ಕೇಸೇ ಬೇರೆ. ಕುದಿಬಿಂದು ಅಲ್ಲಿ ನಿರಪರಾಧಿ.

ಈ ಕೊರತೆಗೆ ಗ್ರೇಸ್ ಮಾರ್ಕ್ಸ್ ಕೊಡುವ ಉಪಾಯ ಹುಡುಕಿದವನು ಡೆನಿಸ್ ಪಾಪಿನ್ ಎಂಬ ಫ್ರೆಂಚ್ ಮನುಷ್ಯ. ಮೇಲಿನ ಗಾಳಿ ಸಾಲದಿದ್ದರೆ ಪಾತ್ರೆಯ ಬಾಯನ್ನೇ ಬಿಗಿದು, ಆವಿಯಿಂದಲೇ ನೀರನ್ನು ಅದುಮಿಸಿದರಾಯಿತು! 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಯಂತ್ರ ತೋರಿಸಿದ. ಮೂಳೆಯನ್ನೂ ಗಿಣ್ಣಿನ ಹದಕ್ಕೆ ಬೇಯಿಸುತ್ತಿದ್ದ. ಪಾತ್ರೆ ಸಿಡಿಯಬಾರದೆಂದು ಆವಿ ಹೊರಬಿಡುವ ಕವಾಟ ಕೂರಿಸಿದವನೂ ಅವನೇ. 1682ರಲ್ಲಿ ಸೊಸೈಟಿಯ ವಿದ್ವಾಂಸರೆಲ್ಲ ಕೂತು ಅದರಲ್ಲಿ ಬೇಯಿಸಿದ ಊಟ ಹೊಡೆದರು ಅಂತ ಜಾನ್ ಎವೆಲಿನ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಊಟ ಹಾಕಿ ವಿಜ್ಞಾನ ಒಪ್ಪಿಸುವ ಈ ಪದ್ಧತಿಯನ್ನು ನಮ್ಮ ವಿಚಾರಸಂಕಿರಣಗಳು ಇವತ್ತಿಗೂ ನಿಷ್ಠೆಯಿಂದ ಪಾಲಿಸುತ್ತಿವೆ.

ಆ ಪಾಪಿನ್ನನ ಮರಿಮೊಮ್ಮಗಳೇ ನಮ್ಮ ಕುಕ್ಕರ್. ವೇಟ್ ಎತ್ತುವ ಹೊತ್ತಿಗೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದು ಬಾರ್‌ನಷ್ಟು ಹೆಚ್ಚಿರುತ್ತದೆ. ಸಮುದ್ರಮಟ್ಟದಲ್ಲಿ ಆಗ ನೀರು 120 ಡಿಗ್ರಿಯ ಹತ್ತಿರ. ಲೇಹ್‌ನಲ್ಲಿ ಹೊರಗಿನ ಗಾಳಿಯೇ ಬಡವಾದ್ದರಿಂದ ಅದೇ ಕುಕ್ಕರ್ 115ರ ಆಸುಪಾಸಿಗೆ ನಿಲ್ಲುತ್ತದೆ, ಆದರೂ 88ರಿಂದ 115ಕ್ಕೆ ಹಾರಿತಲ್ಲ! ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ. 1961ರಲ್ಲಿ ಶುರುವಾದ ಆ ಸಂಸ್ಥೆ ಸೈನಿಕರಿಗಾಗಿ ಸಿದ್ಧ ಊಟದ ಪೊಟ್ಟಣಗಳನ್ನು ರೂಪಿಸಿತು. ಇಂಥ ಪೊಟ್ಟಣದ ಊಟವನ್ನು ಒತ್ತಡದ ಯಂತ್ರದಲ್ಲಿ 121 ಡಿಗ್ರಿಯ ಸುಮಾರಿಗೆ ಕೆಳಗೇ ಬೇಯಿಸಿ, ಕ್ರಿಮಿ ಕೊಂದು ಕಳಿಸುವುದು. ಮೇಲೆ ಹಿಮದಲ್ಲಿರುವವನು ಬಿಸಿ ಮಾಡಿಕೊಂಡರೆ ಸಾಕು. ಬೇಳೆ ಬೇಯದ ಜಾಗಕ್ಕೆ ಬೆಂದ ಬೇಳೆಯನ್ನೇ ಹೊತ್ತು ಹೋಗುವುದು.

ನಮ್ಮ ಬೀಗಿತ್ತಿ ಕುಕ್ಕರ್ ಕೂಗು ಎಣಿಸುವುದರಲ್ಲಿ ಎತ್ತಿದ ಕೈ. ತೊಗರಿಬೇಳೆಗೆ ನಾಲ್ಕು, ಅನ್ನಕ್ಕೆ ಮೂರು, ಕಡಲೆಕಾಳಿಗೆ ಎಂಟು. ಫೋನಿನಲ್ಲಿ ಮಗಳ ಹತ್ತಿರ ಜಗಳವಾಡುತ್ತಿದ್ದರೂ ಲೆಕ್ಕ ತಪ್ಪುವುದಿಲ್ಲ. ಎಂಟನೆಯ ಕೂಗಿಗೆ ಒಳಗೆ ಬಿಸಿ ಹೆಚ್ಚುತ್ತದೆ ಅಂತ ಅವರ ನಂಬಿಕೆ. ಹೆಚ್ಚುವುದಿಲ್ಲ. ಮೊದಲ ಕೂಗಿಗೇ ಕುಕ್ಕರ್ ತನ್ನ ಗರಿಷ್ಠ ಮುಟ್ಟಿಯಾಗಿದೆ. ಆಮೇಲಿನ ಕೂಗೆಲ್ಲ ಗ್ಯಾಸ್ ಜಾಸ್ತಿಯಾಯಿತು ಎಂಬ ಕೂಗು. ಉರಿ ತಗ್ಗಿಸಿ, ಗಡಿಯಾರ ನೋಡಿಕೊಂಡು ಅಷ್ಟೇ ಹೊತ್ತು ಬಿಟ್ಟರೆ ಅಷ್ಟೇ ಬೇಯುತ್ತದೆ. ತೆರೆದ ಪಾತ್ರೆಯದೂ ಇದೇ ಪಾಡು. ಕುದಿ ಬಂದ ಮೇಲೆ ಎಷ್ಟು ಉರಿ ಹಾಕಿದರೂ ನೀರು ಒಂದು ಡಿಗ್ರಿ ಮೇಲೇರುವುದಿಲ್ಲ, ಆವಿ ಮಾತ್ರ ಹೆಚ್ಚು ಹೋಗುತ್ತದೆ. ಬೆಂಗಳೂರಿನ ನಲ್ಲಿ ನೀರನ್ನು ಕುದಿ ಬರಿಸಲು ಎಷ್ಟು ಶಾಖ ಬೇಕೋ, ಕುದಿದ ಅಷ್ಟೇ ನೀರನ್ನು ಆವಿ ಮಾಡಿ ಓಡಿಸಲು ಅದರ ಏಳು ಪಟ್ಟಿಗೂ ಹೆಚ್ಚು ಬೇಕು. ಸಿಲಿಂಡರ್ ತಿಂಗಳ ಮೊದಲೇ ಖಾಲಿಯಾಗುವ ಮನೆಗಳಲ್ಲಿ ಅದು ಎಲ್ಲಿ ಹೋಯಿತು ಅಂತ ಕೇಳಬೇಕಾಗಿಲ್ಲ. ಇದನ್ನೆಲ್ಲ ಬೀಗಿತ್ತಿಗೆ ವಿವರಿಸಿದೆ. “ಹೌದಾ, ಒಳ್ಳೆಯದಾಯಿತು” ಅಂದರು, ಏಳು ಅಂತ ಎಣಿಸಿದರು.

ಇನ್ನು ಉಪ್ಪಿನ ಪಂಡಿತರು. ನೀರಿಗೆ ಉಪ್ಪು ಹಾಕಿದರೆ ಬೇಗ ಕುದಿಯುತ್ತದೆ ಅನ್ನುವ ಒಂದು ಪಂಗಡ. ಉಪ್ಪು ಹಾಕಿದರೆ ಕುದಿಬಿಂದು ಏರುತ್ತದೆ, ಹಾಗಾಗಿ ಬೇಳೆ ಬೇಗ ಬೇಯುತ್ತದೆ ಅನ್ನುವ ಇನ್ನೊಂದು. ಎರಡನೆಯವರು ಓದಿದವರು, ಅದಕ್ಕೇ ಹೆಚ್ಚು ಅಪಾಯ. ಕುದಿಬಿಂದು ಏರುವುದೇನೋ ನಿಜ. ನೀರಿನಲ್ಲಿ ಕರಗಿದ ಉಪ್ಪು ಆವಿಯಾಗಿ ಹೊರಡುವ ನೀರನ್ನು ಹಿಂದಕ್ಕೆ ಜಗ್ಗುತ್ತದೆ. ಎಷ್ಟು ಜಗ್ಗುತ್ತದೆ? ಒಂದು ಲೀಟರಿಗೆ ಒಂದು ಟೀ ಚಮಚ ಹಾಕಿದರೆ ಡಿಗ್ರಿಯ ಹತ್ತನೇ ಒಂದು ಭಾಗ. ಬೆಂಗಳೂರಿನ ನೀರನ್ನು ಉಪ್ಪಿನಿಂದಲೇ ನೂರಕ್ಕೆ ಏರಿಸಿ ಬೀಗರ ಬಾಯಿ ಮುಚ್ಚಿಸೋಣ ಅಂತ ಲೆಕ್ಕ ಹಾಕಿದೆ: ಲೀಟರಿಗೆ ಸುಮಾರು 170 ಗ್ರಾಂ ಬೇಕು. ಸಮುದ್ರದ ನೀರಿನಲ್ಲಿರುವುದೇ 35 ಗ್ರಾಂ. ಅರಬ್ಬೀ ಸಮುದ್ರಕ್ಕಿಂತ ಐದು ಪಟ್ಟು ಉಪ್ಪಾದ ಸಾರು ಬಡಿಸಿದರೆ ಬಾಯಿ ಮುಚ್ಚುವುದು ಗ್ಯಾರಂಟಿ, ಆದರೆ ಸಂಬಂಧ ಉಳಿಯಬೇಕಲ್ಲ.

ಕರಗಿಸಿ ಕುದಿಬಿಂದು ಏರಿಸುವ ಕಲೆ ನೋಡಬೇಕಾದರೆ ಸಾರಿನ ಪಾತ್ರೆ ಬಿಟ್ಟು ಆಲೆಮನೆಗೆ ಬನ್ನಿ. ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಹೊಯ್ದು ಉರಿ ಹಾಕಿದರೆ, ಅದು ಕುದಿಯಲು ಶುರುಮಾಡುವುದು ಬರೀ ನೀರಿಗಿಂತ ಒಂದಿಷ್ಟೇ ಮೇಲೆ. ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತಾರೆ. ನೀರು ಹಾರುತ್ತಾ ಹೋಗುತ್ತದೆ, ಸಕ್ಕರೆ ಉಳಿಯುತ್ತಾ ಹೋಗುತ್ತದೆ, ಕುದಿಬಿಂದು ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋಗುತ್ತದೆ. 105-106ರ ಸುಮಾರಿಗೆ ಇಳಿಸಿದರೆ ಜೋನಿ ಬೆಲ್ಲ, ದೋಸೆಯ ಜೊತೆ ನೆಂಚಿಕೊಳ್ಳಲು ಸ್ವರ್ಗ. 118ರ ಸುಮಾರಿಗೆ ಇಳಿಸಿದರೆ ಅಚ್ಚಿಗೆ ಹೊಯ್ದು ಗಟ್ಟಿ ಬೆಲ್ಲ. ನಡುವಿನ ಹನ್ನೆರಡು ಡಿಗ್ರಿಯಲ್ಲಿ ಇದೆ ಬೆಲ್ಲದವನ ಬದುಕು. ಥರ್ಮಾಮೀಟರ್ ಹಿಡಿದು ನಿಂತ ಪಾಕದವನನ್ನು ನಾನಂತೂ ಕಂಡಿಲ್ಲ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ, ಉಂಡೆ ಕೂತಿತು ಅನ್ನುತ್ತಾನೆ. ಕೊಪ್ಪರಿಗೆ ಇಳಿಯುತ್ತದೆ. ಮೈಸೂರು ಪಾಕಿಗೆ ಸಕ್ಕರೆ ಕುದಿಸುವ ಭಟ್ಟರು ಹೆಬ್ಬೆರಳು ತೋರುಬೆರಳ ನಡುವೆ ಎಳೆ ನೋಡುತ್ತಾರಲ್ಲ, ಅದೂ ಇದೇ ವಿದ್ಯೆ. ಒಂದೆಳೆ ಬಂದಾಗ ಪಾಕ 105ರ ಆಸುಪಾಸಿನಲ್ಲಿರುತ್ತದೆ. ನನ್ನನ್ನು ಕೇಳಿದರೆ, ಕುದಿಬಿಂದುವಿನ ಪಾಠವನ್ನು ಪ್ರಯೋಗಶಾಲೆಯ ಬದಲು ಆಲೆಮನೆಯಲ್ಲೇ ಮಾಡಬೇಕು. ಹಾಜರಿಯ ಕೊರತೆ ಬೀಳುವುದಿಲ್ಲ.

ಒತ್ತಡ ಆಯಿತು, ಬೆರಕೆ ಆಯಿತು. ಎರಡನ್ನೂ ಗಟ್ಟಿ ಹಿಡಿದು ಕೂರಿಸಿದರೆ ನೀರು ಹೇಳಿದ ಮಾತು ಕೇಳುತ್ತದೆ ಅಂದುಕೊಂಡಿರಾ? ಹದಿನೆಂಟನೆಯ ಶತಮಾನದ ಪಂಡಿತರೂ ಹಾಗೇ ಅಂದುಕೊಂಡಿದ್ದರು. ಲಂಡನ್ನಿನ ಜಾರ್ಜ್ ಆಡಮ್ಸ್ ಮಾಡಿದ ಒಂದು ಥರ್ಮಾಮೀಟರಿನಲ್ಲಿ ಕುದಿಬಿಂದು ಒಂದಲ್ಲ, ಎರಡು: ಕುದಿ ಹತ್ತುವುದು 204 ಫ್ಯಾರನ್‌ಹೀಟ್, ಭರ್ಜರಿ ಕುದಿ 212. ಈ ಗೊಂದಲ ಬಿಡಿಸಲು ಹೊರಟವನು ಜಿನೀವಾದ ಜ್ಯಾಂ ಆಂದ್ರೆ ದ್ಲುಕ್. ನೀರಿನಲ್ಲಿ ಸೇರಿಕೊಂಡ ಗಾಳಿಯೇ ತರಲೆ ಮಾಡುತ್ತಿದೆ, ಅದನ್ನು ಓಡಿಸಬೇಕು ಅಂತ ಅವನಿಗೆ ಹೊಳೆಯಿತು. ಹೇಗೆ? ಕುಲುಕಿ! ನಾಲ್ಕು ವಾರ ಕುಲುಕಿದ. ಮಲಗುವಾಗ ಮತ್ತು ಎರಡೂ ಕೈ ಬೇಕಾಗುವ ಕೆಲಸ ಬಂದಾಗ ಬಿಟ್ಟರೆ ಸೀಸೆ ಕೆಳಗಿಟ್ಟವನಲ್ಲ. ಉಣ್ಣುವಾಗ ಕುಲುಕಿದ, ಓದುವಾಗ ಕುಲುಕಿದ, ನೆಂಟರು ಬಂದಾಗ ಮಾತಾಡುತ್ತಾ ಕುಲುಕಿದ. ಬಂದ ನೆಂಟರು ಏನೆಂದುಕೊಂಡು ಎದ್ದು ಹೋದರೋ! ಕೊನೆಗೆ ಆ ನೀರನ್ನು ಕಾಯಿಸಿದರೆ ಬಾಯಿ ತೆರೆದ ಸೀಸೆಯಲ್ಲೇ ಅದು 112 ಡಿಗ್ರಿಯವರೆಗೂ ಕುದಿಯದೆ ಸುಮ್ಮನಿತ್ತು. ಅಂದರೆ ಮಾರ್ಕ್ಸ್ ಔಟ್ ಆಫ್ ಔಟ್ ದಾಟಿ ಮೇಲೆ 12.

ಗುಳ್ಳೆ ಹುಟ್ಟಲು ಒಂದು ನೆಲೆ ಬೇಕು: ಕರಗಿದ ಗಾಳಿಯೋ, ಪಾತ್ರೆಯ ಗೀರೋ, ಒಂದು ಕಣ ದೂಳೋ. ಅದು ಸಿಗದಿದ್ದರೆ ನೀರು ಕುದಿಬಿಂದು ದಾಟಿಯೂ ತೆಪ್ಪಗೆ ಕೂತಿರುತ್ತದೆ. ನುಣುಪಾದ ಗಾಜಿನ ಪಾತ್ರೆಯಲ್ಲಿ ನೀರು ಲೋಹದ ಪಾತ್ರೆಗಿಂತ ಒಂದಿಷ್ಟು ಹೆಚ್ಚು ಬಿಸಿಯಲ್ಲಿ ಕುದಿಯುತ್ತದೆ ಅಂತ ಮುಂದೆ ಫ್ರೆಂಚ್ ವಿಜ್ಞಾನಿ ಗೇ-ಲುಸಾಕ್ ಕೂಡ ಕಂಡುಕೊಂಡ. ಆಂಡಿಸ್‌ನ ಆಳುಗಳು ಪಾತ್ರೆಯ ಮೇಲೆ ಗೂಬೆ ಕೂರಿಸಿದ್ದರಲ್ಲ, ಅವರ ಮಾತಿಗೂ ಎಳ್ಳಷ್ಟು ಆಧಾರ ಸಿಕ್ಕಿತು, ತಪ್ಪು ಮೊಕದ್ದಮೆಯಲ್ಲಿ. ಮೈಕ್ರೋವೇವ್ ಇರುವವರು ಮಾತ್ರ ಇದನ್ನು ತಮಾಷೆ ಅಂದುಕೊಳ್ಳಬೇಡಿ. ನುಣುಪಾದ ಲೋಟದಲ್ಲಿ ಒಂದು ಗುಳ್ಳೆಯೂ ಏಳದೆ ಮಳ್ಳನಂತೆ ಕೂತ ನೀರಿಗೆ ಒಂದು ಚಮಚ ಇನ್‌ಸ್ಟಂಟ್ ಕಾಫಿ ಹಾಕಿದ್ದೇ ತಡ, ನೀರೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಹಾರಿ ಸುಟ್ಟ ಪ್ರಸಂಗಗಳಿವೆ.

1777ರಲ್ಲಿ ರಾಯಲ್ ಸೊಸೈಟಿಯವರು ಹೆನ್ರಿ ಕ್ಯಾವೆಂಡಿಷನ ಮುಂದಾಳತ್ವದಲ್ಲಿ ಒಂದು ಸಮಿತಿ ಕೂರಿಸಿ ಈ ವ್ಯಾಜ್ಯ ತೀರಿಸಿದರು. ಸಮಿತಿ ಅಂದ ಮೇಲೆ ನುಣುಚಿಕೊಳ್ಳುವ ದಾರಿ ಹುಡುಕಲೇಬೇಕು. ಹುಡುಕಿದರು: ಥರ್ಮಾಮೀಟರನ್ನು ಕುದಿಯುವ ನೀರಿಗೆ ಮುಟ್ಟಿಸಲೇಬೇಡಿ, ಅದರ ಆವಿಯಲ್ಲಿ ಹಿಡಿಯಿರಿ. ನೀರು ಎಷ್ಟು ಹಟ ಮಾಡಿದರೂ ಆವಿ ಹೊರಗಿನ ಒತ್ತಡಕ್ಕೆ ವಿಧೇಯ. ಸಮಿತಿಗಳ ಚರಿತ್ರೆಯಲ್ಲಿ ಉಪಯೋಗಕ್ಕೆ ಬಂದ ಅಪರೂಪದ ಶಿಫಾರಸು ಇದು.

ಕುದಿಬಿಂದು ಇಷ್ಟು ನಿಷ್ಠೆಯಿಂದ ಎತ್ತರ ಹೇಳುತ್ತದಾದರೆ, ನೀರು ಕುದಿಸಿಯೇ ಬೆಟ್ಟ ಅಳೆಯಬಹುದಲ್ಲ? ಅಳೆದರು. ಕುಮಾಂವ್‌ನ ನೈನ್ ಸಿಂಗ್ ರಾವತ್ ಅದರ ಮಹಾವೀರ. ಟಿಬೆಟ್ಟಿಗೆ ಹೊರಗಿನವರು ಕಾಲಿಡಬಾರದೆಂದು ಕಟ್ಟಪ್ಪಣೆ ಇದ್ದ ಕಾಲದಲ್ಲಿ, ಡೆಹ್ರಾಡೂನಿನ ಸರ್ವೆಯವರು ಅವನಿಗೆ ಒಂದೇ ಅಳತೆಯ ಹೆಜ್ಜೆ ಹಾಕುವುದು ಕಲಿಸಿದರು, 108 ಮಣಿಯ ಜಪಮಾಲೆಯನ್ನು ಎಣಿಕೆಗೆ ಅನುಕೂಲವಾಗಲೆಂದು 100ಕ್ಕೆ ಇಳಿಸಿದರು, ಊರುಗೋಲಿನೊಳಗೆ ಥರ್ಮಾಮೀಟರ್ ಅಡಗಿಸಿ ಕಳಿಸಿದರು. 1866ರ ಜನವರಿಯಲ್ಲಿ ಲ್ಹಾಸಾ ಮುಟ್ಟಿದ ನೈನ್ ಸಿಂಗ್ ಕುದಿಯುವ ನೀರಿನ ಬಿಸಿ ಗುರುತುಹಾಕಿಕೊಂಡು ಆ ಊರಿನ ಎತ್ತರ ಲೆಕ್ಕಕ್ಕೆ ಒದಗಿಸಿದ. ನೀರು ಕಾಯಿಸುವವನನ್ನು ಯಾವ ಕಾವಲುಗಾರ ತಾನೇ ಅನುಮಾನಿಸಿಯಾನು? 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕ ಕೊಟ್ಟಿತು. 88ರ ನೀರಿಗೆ ಚಿನ್ನದ ಪದಕ ಬಂದ ಉದಾಹರಣೆ ಕೊಟ್ಟಾಗ ಬೀಗರು ಮೊದಲ ಸಲ ಮಾತು ನಿಲ್ಲಿಸಿ, “ಅದು ನೀರಿಗೆ ಅಲ್ಲ, ಮನುಷ್ಯನಿಗೆ ಬಂದದ್ದು ಮಾರಾಯ್ರೆ” ಅಂದರು. ಅದೂ ಸರಿಯೇ.

ಈ ವಿದ್ಯೆಯನ್ನು ಮಾರ್ಕ್ ಟ್ವೇನ್ ಕೂಡ ಆಲ್ಪ್ಸ್‌ನಲ್ಲಿ ಪ್ರಯೋಗಿಸಿದ್ದಾನೆ, 1880ರ ಅವನ ಪ್ರವಾಸಕಥನದಲ್ಲಿ. ಎತ್ತರ ತಿಳಿಯಲು ವಿಜ್ಞಾನಿಗಳು ಏನನ್ನೋ ಕುದಿಸುತ್ತಾರೆ ಅಂತ ಅವನಿಗೆ ನೆನಪಿತ್ತು, ಥರ್ಮಾಮೀಟರೋ ಬ್ಯಾರೋಮೀಟರೋ ಎಂಬುದು ಮರೆತಿತ್ತು. ಯಾಕೆ ರಗಳೆ ಅಂತ ಎರಡನ್ನೂ ಕುದಿಸಿದ. ಎತ್ತರ ತಿಳಿಯಲಿಲ್ಲ. ಆಮೇಲೆ ಇನ್ನೊಂದು ಬ್ಯಾರೋಮೀಟರನ್ನು ಅಡುಗೆಯವನ ಹುರುಳಿಕಾಯಿ ಸೂಪಿನ ಪಾತ್ರೆಗೆ ಹಾಕಿ ಕುದಿಸಿದ. ಅದರ ರುಚಿ ಎಲ್ಲರಿಗೂ ಎಷ್ಟು ಹಿಡಿಸಿತೆಂದರೆ, ದಿನಾ ಬ್ಯಾರೋಮೀಟರ್ ಸೂಪ್ ಮಾಡು ಅಂತ ಅಡುಗೆಯವನಿಗೆ ಅಪ್ಪಣೆಯಾಯಿತು. ಅದು ಎಷ್ಟು ಕೂಗಿಗೆ ಬೇಯುತ್ತದೆ ಅಂತ ನಮ್ಮ ಬೀಗಿತ್ತಿ ಕೇಳುತ್ತಿದ್ದಾರೆ.